ಹೊಳೆಯ ಮೇಲೆ ಹೊರಿಸಿದ ಸುಳ್ಳು

ಇದನ್ನು ಬರೆಯಲು ಕೂತಾಗಲೆಲ್ಲ ಬೇರೆ ಯಾವುದೋ ಕೆಲಸ ನೆನಪಾಗಿ ಎದ್ದುಬಿಡುತ್ತಿದ್ದೆ. ಈಗ ಅಂಥ ಕೆಲಸಗಳೂ ಉಳಿದಿಲ್ಲ.

ನಲವತ್ತರ ದಶಕದ ಮೊದಲ ವರ್ಷಗಳು. ಮೆಟ್ರಿಕ್ ಮುಗಿಸಿ ನೌಕರಿ ಸಿಗದೆ, ದೇವದುರ್ಗದ ಆಚೆ ಕೃಷ್ಣೆಯ ದಂಡೆಯ ಹಳ್ಳಿಯಲ್ಲಿ ಅಕ್ಕನ ಮನೆ ಸೇರಿದ್ದೆ. ಊರಿಗೂ ಹೊಳೆಗೂ ನಡುವೆ ಮರಳಿನ ದಿಬ್ಬಗಳು. ಅಲ್ಲಿ ಅಂಬಿಗರ ಹಿರಿಯರ ಕಲ್ಲುಗಳು ಸಾಲಾಗಿ ನಿಂತಿದ್ದವು; ಎಷ್ಟು ತಲೆಮಾರಿನವೋ ಅವರಿಗೇ ತಿಳಿಯದು. ಹೊಳೆಗಿಳಿಯುವ ಮುಂಚೆ ಪ್ರತಿ ಕಲ್ಲಿನ ಬುಡಕ್ಕೂ ಒಂದು ಹಿಡಿ ಮರಳು ಹಾಕುತ್ತಿದ್ದರು. ಗಾಳಿ ಕೆದರಿದ್ದನ್ನು ತುಂಬಬೇಕಲ್ಲ.

ಆ ಜನರಲ್ಲಿ ಐವತ್ತು ದಾಟಿದ ಒಬ್ಬ ವಿಧವೆ ಎದೆಗೆ ಒಣ ಸೋರೆಬುರುಡೆ ಕಟ್ಟಿಕೊಂಡು, ತುಂಬಿದ ಹೊಳೆಯ ಅಲೆಗಳನ್ನು ಏರಿ ಹೋಗುತ್ತಿದ್ದಳು. ಊರಲ್ಲಿ ಗೆಳೆಯರಿಲ್ಲದ ನನಗೂ ಕಲಿಸಿದಳು. “ಅಲಿ ಕೂಡ ಗುದ್ದಾಡಬ್ಯಾಡೋ ತಮ್ಮಾ, ಅದೇನು ನಿನ್ನ ದಾಯಾದಿ ಏನು? ಸುಮ್ಮನ ಮಲಕೊ, ಅದ ಹೊತಗೊಂಡು ಹೋಗ್ತದ.”

ಅವಳ ಗಂಡ ಹೊಳೆಯ ಪಾಲಾಗಿದ್ದ, ಹೆಣ ಸಿಕ್ಕಿರಲಿಲ್ಲ. ಹಿರಿಯರ ಸಾಲಿನ ಕೊನೆಗೆ ಅವಳು ನಿಲ್ಲಿಸಿದ್ದ ಕರಿಕಲ್ಲೇ ಅವನ ಸಮಾಧಿ.

ರಾಯಚೂರಿನ ಸಾಹೇಬರೊಬ್ಬರು ದಿಬ್ಬ ನೋಡಲು ಬಂದರು. ಮಾನ್ವಿಯಲ್ಲಿ ಒಂದು ಗುಮಾಸ್ತೆಯ ಜಾಗ ಅವರ ಕೈಯಲ್ಲಿತ್ತು. ಇಂಥ ಕಲ್ಲು ನಮ್ಮ ತೋಟದಲ್ಲಿದ್ದರೆ ಚೆಂದ ಅಂದರು, ಅಷ್ಟೇ. ಕೊಡು ಅನ್ನಲಿಲ್ಲ. ಹಳೆಯ ಕಲ್ಲುಗಳು ಆಳಕ್ಕೆ ಹೂತಿದ್ದವು, ಅವಳದು ಸಡಿಲವಾಗಿತ್ತು. ಅವಳು ಅರಕೇರಾದ ಮಗಳ ಮನೆಗೆ ಹೋಗಿದ್ದಾಗ ನಾನೇ ಅದನ್ನು ಕಿತ್ತು ಬಂಡಿಯಲ್ಲಿ ಕಳಿಸಿದೆ. ಅದೇ ವಾರ ಹೊಳೆ ಬಂದು ದಿಬ್ಬದ ಅಂಚನ್ನು ಕೊರೆಯಿತು.

ಅವಳು ಬಂದವಳೇ ಖಾಲಿ ಕುಳಿಯ ಮುಂದೆ ನಿಂತು, ಕಲ್ಲು ನೋಡಿದೆಯಾ ಎಂದು ನನ್ನನ್ನು ಕೇಳಿದಳು.

“ಹೊಳಿ ಒಯ್ತು ಯವ್ವಾ,” ಅಂದೆ.

ಹೊಳೆಯ ಕಡೆ ತಿರುಗಿದಳು.

“ಎರಡನೇ ಸಲ ಒಯ್ತು,” ಅಂದಳು.

ಆಮೇಲೆ ಅವಳು ಹೊಳೆಗೆ ಇಳಿಯಲಿಲ್ಲ. ಬುರುಡೆಗಳನ್ನು ನನಗೇ ಕೊಟ್ಟುಬಿಟ್ಟಳು. ಕುಡಿಯುವ ನೀರಿಗೂ ದೂರದ ಬಾವಿಗೆ ನಡೆದಳು.

ನನಗೆ ಮಾನ್ವಿಯ ನೌಕರಿ ಸಿಕ್ಕಿತು. ಕಚೇರಿ ಮುಗಿದ ಮೇಲೆ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು, ಮುಂದಿನ ಸಲ ಹೋದಾಗ ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ. ಅಕ್ಕನ ಊರಿಗೆ ಮೂರು ಸಲ ಹೋದೆ. ಮೂರು ಸಲವೂ ಅವಳು ಹೊಳೆಗೆ ಬೆನ್ನು ಹಾಕಿ ಗುಡಿಸಲ ಮುಂದೆ ಕೂತಿದ್ದಳು. ನಾನು ಬೇರೆ ಓಣಿ ಹಿಡಿದೆ. ನಾಲ್ಕನೆಯ ಸಲ ಗುಡಿಸಲು ಇರಲಿಲ್ಲ.

ಎಷ್ಟೋ ತಪ್ಪುಗಳಿಗೆ ಹೆಂಡತಿಯ ಕ್ಷಮೆ ಕೇಳಿದ್ದೇನೆ, ಮಕ್ಕಳ ಕ್ಷಮೆಯನ್ನೂ ಕೇಳಿದ್ದೇನೆ. ಕೇಳದೆ ಉಳಿದದ್ದು ಆ ಅಂಬಿಗರ ಯವ್ವನದು.