ಅಕ್ಕೋರು ಕೊಟ್ಟ ಮಾತು

ಹೋದ ಶನಿವಾರ ನಮ್ಮ ಓಣಿಯ ಮನೆಯೊಂದರಲ್ಲಿ ಮಗಳ ಸಕ್ಕರೆ ಪುಡಿ ಇತ್ತು. ಮದುವೆ ನಿಶ್ಚಯ ಮಾಡುವ ಶಾಸ್ತ್ರಕ್ಕೆ ನಮ್ಮ ಕಡೆ ಇರುವ ಹೆಸರು ಅದು. ಎಲ್ಲ ಮುಗಿದ ಮೇಲೆ ಯಾರೋ ಬಂದು ನನ್ನ ಅಂಗೈಗೂ ಒಂದು ಹಿಡಿ ಸಕ್ಕರೆ ಸುರಿದು ಹೋದರು. ಬಾಯಿಗೆ ಹಾಕಿಕೊಳ್ಳದೆ ಹಾಗೇ ಹಿಡಿದು ನಿಂತಿದ್ದೆ. ಸೆಕೆಗೆ ಕೈ ಬೆವತು ಸಕ್ಕರೆ ಅಂಟಂಟಾಯಿತು. ಆಗ ನನಗೆ ಇಂಗ್ಲಿಷ್ ಅಕ್ಕೋರ ನೆನಪು ಬಂತು.

ಅವರು ತೀರಿಕೊಂಡು ಆಗಲೇ ತಿಂಗಳಾಗಿತ್ತು. ವಿಜಯಪುರದಲ್ಲಿ ನಾನಿರುವ ಅಥಣಿ ರಸ್ತೆಯ ಬಡಾವಣೆಯಲ್ಲೇ, ಎರಡು ಓಣಿ ಆಚೆ ಅವರ ಮನೆ. ಸುದ್ದಿ ತಿಳಿದ ದಿನ ಹೋಗಿ, ಹಾರ ಹಾಕಿ, ಎಲ್ಲರ ಜೊತೆ ಸ್ವಲ್ಪ ಹೊತ್ತು ಕೂತು ಎದ್ದು ಬಂದಿದ್ದೆ. ಅಳು ಬರಲಿಲ್ಲ. ಮರುದಿನ ಎಂದಿನಂತೆ ಬಬಲೇಶ್ವರದ ಬಸ್ ಹಿಡಿದು ಶಾಲೆಗೆ ಹೋಗಿ ಪಾಠ ಮಾಡಿದೆ. ಜೋಮಿಗೆ ಗ್ರೀಕರು ನಾರ್ಕೆ ಎನ್ನುತ್ತಿದ್ದರಂತೆ, ಅದನ್ನು ಹೇಳಿಕೊಟ್ಟವರೂ ಅಕ್ಕೋರೇ. ಕಾಲಿಗೆ ಹಿಡಿಯುವ ಜೋಮು ಒಳಗೂ ಹಿಡಿಯುತ್ತದೆ ಎಂದು ಮಾತ್ರ ಅವರು ಹೇಳಿರಲಿಲ್ಲ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎಂದೇ ಕರೆಯುವುದು. ಇವರು ವಿಜಯಪುರದಿಂದ ದಿನಾ ಬಸ್ಸಿಗೆ ನಮ್ಮೂರು ತಿಕೋಟಾಕ್ಕೆ ಬರುತ್ತಿದ್ದರು. ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡುಗಳಲ್ಲಿ ಗಂಧಕದ ಹೊಗೆ ಹಾಕುವ ದಿನಗಳಲ್ಲಿ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಬಸ್ ಇಳಿಯುತ್ತಿದ್ದರು. ದನಿ ಸಣ್ಣದು, ಮೈಕಟ್ಟೂ ಸಣ್ಣದು. ಹಿಂದಿನ ಬೆಂಚಿನ ಹುಡುಗರು ಅವರನ್ನು ಮೂಗಿನ ಸೆರಗಿನವರು ಎಂದು ಆಡಿಕೊಳ್ಳುತ್ತಿದ್ದರು. ಅದೂ ಮೊದಲ ಶನಿವಾರದ ತನಕ ಅಷ್ಟೇ.

ಪಠ್ಯದಲ್ಲಿ ಗ್ರೀಕರ ಬಗ್ಗೆ ಇದ್ದದ್ದು ಅರ್ಧ ಪುಟ. ಅಕ್ಕೋರು ಅದನ್ನು ಇಡೀ ವರ್ಷ ಎಳೆದರು. ಶನಿವಾರ ಮುಂಜಾನೆಯ ಶಾಲೆ, ಕೊನೆಯ ಪೀರಿಯಡ್ ಅವರದು. ಅವತ್ತು ಒಂದು ಕಥೆ. ಸೋಮವಾರ ಆ ಕಥೆಯಿಂದ ಶಬ್ದದ ಬೇರು ಕೀಳುವುದು. ಬೆಟ್ಟದಲ್ಲಿ ಮಾತಾಡಿ ಮಾತಾಡಿ ಕೊನೆಗೆ ಬರೀ ದನಿಯಾಗಿ ಉಳಿದ ಹುಡುಗಿಯ ಕಥೆ ಶನಿವಾರವಾದರೆ, ಸೋಮವಾರ ಬೋರ್ಡಿನ ಮೇಲೆ ಎಕೋ. ಕಾಡಿನಲ್ಲಿ ಕುರಿಗಳನ್ನು ಸುಮ್ಮಸುಮ್ಮನೆ ಬೆದರಿಸುವ ಆಡಿನ ಕಾಲಿನ ದೇವರು ಶನಿವಾರ, ಸೋಮವಾರ ಪ್ಯಾನಿಕ್. ಕುರಿ ಕಾಯುವ ಮನೆಯ ಹುಡುಗರು ನಮ್ಮ ವರ್ಗದಲ್ಲಿ ಬಹಳ ಇದ್ದರು. ಅವರಿಗೆ ಈ ದೇವರು ಎಷ್ಟು ಹಿಡಿಸಿದನೆಂದರೆ, ಇಂಗ್ಲಿಷಿನಲ್ಲಿ ಸ್ವಂತ ಹೆಸರು ಬರೆಯಲು ತಡಕಾಡುವವರೂ ಪ್ಯಾನಿಕ್ ಎಂದು ತಪ್ಪಿಲ್ಲದೆ ಬರೆಯುತ್ತಿದ್ದರು. ಕಥೆ ಮುಗಿಯುವ ಮೊದಲೇ ಬೆಲ್ ಆಗುವುದು, ನಾವು ಹೋ ಎಂದು ಕೂಗುವುದು, ಅಕ್ಕೋರು ಉಳಿದದ್ದು ಮುಂದಿನ ಶನಿವಾರ ಎಂದು ಪುಸ್ತಕ ಮುಚ್ಚುವುದು... ಇದು ರೂಢಿಯಾಗಿತ್ತು.

ಒಂದು ಶನಿವಾರ ಅವರು ಚೀಲದಿಂದ ಒಂದು ದಾಳಿಂಬೆ ತೆಗೆದರು. ಬಿಡಿಸಿ ಎಲ್ಲರ ಕೈಗೂ ಒಂದೊಂದು ಕಾಳು ಕೊಟ್ಟರು. ಆಮೇಲೆ ಕಥೆ ಶುರು. ಬೆಳೆ ಕೊಡುವ ದೇವತೆಗೆ ಒಬ್ಬಳೇ ಮಗಳು. ಹೂವು ಕೀಳುತ್ತಿದ್ದ ಆ ಹುಡುಗಿಯನ್ನು ನೆಲದ ಕೆಳಗಿನ ಲೋಕದ ರಾಜ ಎತ್ತಿಕೊಂಡು ಹೋಗುತ್ತಾನೆ. ತಾಯಿಯ ಹೆಸರು ಡಿಮೀಟರ್ ಎಂದರು, ನಾವು ದ್ಯಾಮವ್ವ ಮಾಡಿದೆವು. ಮಗಳು ಪರ್ಸೆಫನಿ, ಅವಳು ಪಾರ್ಸವ್ವ ಆದಳು. ಅಕ್ಕೋರು ಬೇಡ ಅನ್ನಲಿಲ್ಲ. ಮಗಳಿಲ್ಲದ ದ್ಯಾಮವ್ವ ಮಳೆ ಬೆಳೆ ನಿಲ್ಲಿಸುತ್ತಾಳೆ. ಕೊನೆಗೆ ದೇವರುಗಳೆಲ್ಲ ಮಗಳನ್ನು ಕಳಿಸು ಎನ್ನುತ್ತಾರೆ. ಆದರೆ ಅವಳು ಅಲ್ಲಿ ದಾಳಿಂಬೆಯ ಕಾಳು ತಿಂದುಬಿಟ್ಟಿರುತ್ತಾಳೆ. ಆ ಮನೆಯ ಕಾಳು ಹೊಟ್ಟೆಗೆ ಹೋದ ಮೇಲೆ ಆ ಮನೆಯವಳೇ. ಇಷ್ಟು ಹೇಳುವ ಹೊತ್ತಿಗೆ ನಾವೆಲ್ಲ ಕೈಯಲ್ಲಿದ್ದ ಕಾಳು ನುಂಗಿಯಾಗಿತ್ತು.

“ಆತು, ಇನ್ನ ನೀವೆಲ್ಲಾರೂ ಕೆಳಗಿನ ಲೋಕದಾವ್ರ” ಎಂದು ಅಕ್ಕೋರು ಕೈ ಝಾಡಿಸಿಕೊಂಡರು. ವರ್ಗದಲ್ಲಿ ಕಿರುಚಾಟ. ಹಿಂದಿನಿಂದ ಒಬ್ಬ ಹುಡುಗ ಎದ್ದು, “ಅಕ್ಕೋರ, ಉಗುಳಿದರ?” ಎಂದ.

“ನುಂಗೂಕಿಂತ ಮೊದಲ ಉಗುಳಿದರ ನಡೀತದ ನೋಡಪಾ” ಎಂದು ಅವರು ನಕ್ಕರು.

ಅದಾಗಿ ಕೆಲವು ವಾರಕ್ಕೆ ನಮ್ಮ ಮನೆಯಲ್ಲಿ ನನ್ನ ಸಕ್ಕರೆ ಪುಡಿ. ಹುಡುಗ ಕನಮಡಿಯ ಕಡೆಯವನು, ಹೊಲ ಇದ್ದ ಮನೆ. ಈಗ ಮಾತು, ಮದುವೆ ಎರಡು ವರ್ಷ ಬಿಟ್ಟು ಎಂದು ಅಪ್ಪ ಹೇಳಿದ್ದ. ಆಗ ಅದೆಲ್ಲ ನಡೆಯುತ್ತಿತ್ತು, ಯಾರೂ ಹುಬ್ಬು ಏರಿಸುತ್ತಿರಲಿಲ್ಲ. ನಾನೇನೂ ಗಟ್ಟಿ ಹುಡುಗಿಯಲ್ಲ. ಹುಡುಗನ ಮೇಲೆ ಸಿಟ್ಟೂ ಇರಲಿಲ್ಲ, ಅವನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ಸಾಲಿ ಬಿಡುವ ಮನಸ್ಸಿರಲಿಲ್ಲ, ಅಷ್ಟೇ. ಮಣೆಯ ಮೇಲೆ ಕೂರಿಸಿ, ಉಡಿ ತುಂಬಿ, ಹುಡುಗನ ಸೋದರತ್ತೆ ನನ್ನ ಬಾಯಿಗೆ ಸಕ್ಕರೆ ಹಾಕಿದಳು. ನನಗೆ ಪಾರ್ಸವ್ವ ನೆನಪಾದಳು. ನುಂಗಬಾರದು ಎಂದು ಸಕ್ಕರೆಯನ್ನು ದವಡೆಗೆ ಒತ್ತಿ ಹಿಡಿದೆ.

ಸಕ್ಕರೆ ದಾಳಿಂಬೆಯ ಕಾಳಲ್ಲ, ಕರಗುತ್ತದೆ. ಬಾಯಿ ತುಂಬ ನೀರು. ಗಂಟಲಿಗೆ ಇಳಿಯುತ್ತದೆ ಎಂದು ಹೆದರಿ ಸೆರಗಿನ ತುದಿಗೆ ಉಗುಳಿಬಿಟ್ಟೆ.

“ಅಯ್ಯ ಯವ್ವಾ, ಹುಡುಗಿ ಸಕ್ಕರಿ ಉಗುಳ್ಯಾಳ!” ಎಂದು ಸೋದರತ್ತೆ ಎದ್ದು ನಿಂತಳು. ಅವಳ ಹಿಂದೆ ಎಲ್ಲರೂ ಎದ್ದರು. ಅಪ್ಪ ಕೈ ಮುಗಿದ, ಅವ್ವ ಅಡ್ಡ ನಿಂತಳು, ಅವರು ನೀರು ಸಹ ಮುಟ್ಟದೆ ಜೀಪು ಹತ್ತಿದರು. ಮಾಡಿದ ಹೋಳಿಗೆ ಎಲ್ಲ ಉಳಿಯಿತು. ಎರಡು ದಿನ ನಾವೇ ತಿಂದೆವು.

ಯಾರು ಕಲಿಸಿದರು ಎಂದು ಅಪ್ಪ ಕೇಳಿದ್ದಕ್ಕೆ ನಾನು ಬಾಯಿ ಬಿಡಲಿಲ್ಲ. ಎಂಟನೆಯ ಇಯತ್ತೆಯಲ್ಲಿದ್ದ ತಂಗಿಗೆ, ನಾನೇ ಮನೆಯಲ್ಲಿ ಹೇಳಿ ಹೇಳಿ, ಪಾರ್ಸವ್ವನ ಕಥೆ ನನ್ನಷ್ಟೇ ಬಾಯಿಪಾಠ. ಅವಳು ದಾಳಿಂಬೆ, ಉಗುಳುವುದು, ಎಲ್ಲ ಸೇರಿಸಿ ಅಪ್ಪನ ಮುಂದೆ ಒಪ್ಪಿಸಿದಳು. ಅಪ್ಪ ನನ್ನ ಚೀಲವನ್ನು ಅಟ್ಟದ ಮೇಲೆ ಎಸೆದ. ನಾಳೆಯಿಂದ ಶೆಡ್ಡಿಗೆ ನಡಿ, ಮಣೂಕ ಆರಿಸು, ಸಾಲಿ ಸಾಕು ಎಂದ. ಹತ್ತನೆಯ ಇಯತ್ತೆಯ ಪರೀಕ್ಷೆ ಹತ್ತಿರ ಬಂದಿತ್ತು.

ನಾನು ಒಂದು ವಾರ ಶಾಲೆಗೆ ಹೋಗಲಿಲ್ಲ. ಭಾನುವಾರ ಅಕ್ಕೋರು ತೋಟದ ದಾರಿಯಲ್ಲಿ ಒಬ್ಬರೇ ನಡೆದು ಬಂದರು, ಸೆರಗು ಮೂಗಿಗೆ ಹಿಡಿದುಕೊಂಡು. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಬಂದವರಿಗೆ ಕೂತುಕೊಳ್ಳಿ ಎಂದನೇ ಹೊರತು ಮುಖ ನೋಡಲಿಲ್ಲ. ಅವ್ವ ಚಹಾ ತಂದಿಟ್ಟಳು. ನಾನು ಬಾಗಿಲ ಸಂದಿಯಲ್ಲಿದ್ದೆ.

“ಅಕ್ಕೋರ, ಸಾಲ್ಯಾಗ ಏನ ಕಲಸಾಕತ್ತೀರಿ ನೀವು? ಹೆಣ್ಣ ಹುಡುಗ್ಯಾರಿಗೆ ಮನಿ ಮುರಿಯೂದು ಕಲಸ್ತೀರೇನ್ರಿ?”

“ಅದು ಕಥಿರೀ. ಇಂಗ್ಲಿಷ್ ಶಬ್ದದ ಬೇರು ತಿಳೀಲಿ ಅಂತ ಹೇಳಿದ್ದೆ. ತಪ್ಪು ನಂದು ಅನ್ರಿ, ಹುಡುಗಿನ್ನ ಪರೀಕ್ಷಾಕ್ಕ ಕಳಸ್ರಿ. ಶ್ಯಾಣ್ಯಾ ಹುಡುಗಿ.”

“ಹಂಗಾರ ಬೇರಷ್ಟ ಕಲಸ್ರಿ. ಇನ್ನ ಯಾವ ಹುಡುಗಿ ಮುಂದೂ ನಿಮ್ಮ ಬಾಯಾಗ ಕಥಿ ಬರಬಾರದು. ಬರಂಗಿಲ್ಲಂತ ಮಾತು ಕೊಡ್ರಿ, ಹುಡುಗಿ ನಾಳಿನ ಸಾಲಿಗೆ ಬರ್ತಾಳ. ಮುಂದೂ ಎಷ್ಟರ ಕಲೀಲಿ, ನಾ ಕೇಳೂದಿಲ್ಲ.”

ಚಹಾದ ಮೇಲೆ ಕೆನೆ ಕಟ್ಟಿತು. ಅಕ್ಕೋರು ನೋಡುತ್ತಿದ್ದದ್ದು ಅಪ್ಪನನ್ನಲ್ಲ, ಅಂಗಳದಲ್ಲಿ ಒಣಗಲು ಹಾಕಿದ್ದ ಯಾವುದನ್ನೋ... ಏನೆಂದು ನೆನಪಾಗುವುದಿಲ್ಲ. ಆಮೇಲೆ “ಆತ್ರಿ, ಕೊಟ್ಟೆ” ಎಂದರು. ತಣ್ಣಗಾದ ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು. ಅಪ್ಪ ತನ್ನ ಮಾತಿನಂತೆ ಅವತ್ತೇ ಅಟ್ಟದಿಂದ ಚೀಲ ಇಳಿಸಿಕೊಟ್ಟ.

ಆ ಶನಿವಾರ ನಾವೆಲ್ಲ ಕೈ ಕಟ್ಟಿ ಕೂತೆವು. ಹಿಂದಿನ ವಾರ ನಾನಿಲ್ಲದಾಗ ಅಕ್ಕೋರು ಹೊಸ ಕಥೆ ಶುರು ಮಾಡಿದ್ದರಂತೆ. ಸತ್ತ ಹೆಂಡತಿಯನ್ನು ಕೆಳಗಿನ ಲೋಕದಿಂದ ಕರೆತರಲು ಹೋದ ಹಾಡುಗಾರನದು. ಅವಳು ಹಿಂದಿನಿಂದ ಬರುತ್ತಾಳೆ, ಮೇಲೆ ಬರುವ ತನಕ ಅವನು ತಿರುಗಿ ನೋಡಬಾರದು. ಅಲ್ಲಿಗೆ ಬೆಲ್ ಆಗಿತ್ತು. ಗೆಳತಿಯರು ಅಷ್ಟನ್ನು ನನಗೆ ಹೇಳಿ, ಮುಂದಿನದಕ್ಕೆ ಕಾಯುತ್ತಿದ್ದರು. ಅಕ್ಕೋರು ಬಂದರು, ಕುರ್ಚಿಯಲ್ಲಿ ಕೂತರು, “ಗ್ರಾಮರ್ ತಗೀರಿ” ಎಂದರು. ಯಾರೋ ಕಥಿ ಎಂದದ್ದಕ್ಕೆ ತಲೆ ಎತ್ತಲಿಲ್ಲ. ಮತ್ತೆ ಯಾವ ಶನಿವಾರವೂ ಕಥೆ ಬರಲಿಲ್ಲ. ಸೋಮವಾರದ ಬೇರುಗಳು ಮಾತ್ರ ನಡೆದವು. ಟೆಲಿ ಅಂದರೆ ದೂರ, ಫೋನ್ ಅಂದರೆ ದನಿ, ಬಯೋ ಅಂದರೆ ಜೀವ. ಪಲ್ಯವಿಲ್ಲದ ರೊಟ್ಟಿಯ ಹಾಗೆ ಅವನ್ನು ಅಗಿದು ನುಂಗಿದೆವು. ವರ್ಗದಲ್ಲಿ ಯಾರಿಗೂ ಕಾರಣ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ನಾನು ಪಾಸಾದೆ. ವಿಜಯಪುರಕ್ಕೆ ಕಾಲೇಜಿಗೆ ಹೋದೆ, ಅಪ್ಪ ನಿಜಕ್ಕೂ ಏನೂ ಕೇಳಲಿಲ್ಲ. ಬಿ.ಎಡ್. ಆಯಿತು, ಬಬಲೇಶ್ವರದಲ್ಲಿ ನೌಕರಿ ಸಿಕ್ಕಿತು. ಮದುವೆಯೂ ಆಯಿತು, ಆ ಸಲ ಸಕ್ಕರೆಯನ್ನು ಸರಿಯಾಗಿ ನುಂಗಿದೆ. ನಾನೂ ಈಗ ಇಂಗ್ಲಿಷೇ ಕಲಿಸುವುದು. ಮಕ್ಕಳಿಗೆ ಬೇರು ಹೇಳಿಕೊಡುತ್ತೇನೆ, ಕಥೆ ಹೇಳುವುದಿಲ್ಲ. ನನ್ನಿಂದ ಯಾರೂ ಮಾತು ತೆಗೆದುಕೊಂಡಿಲ್ಲ. ಬಾಯಿಗೆ ಬರುವುದಿಲ್ಲ, ಅಷ್ಟೇ.

ಅಪ್ಪ ಹಾಸಿಗೆ ಹಿಡಿದಾಗ ಒಮ್ಮೆ ತಾನಾಗಿ ಕೇಳಿದ್ದ, ಆ ಅಕ್ಕೋರು ಮತ್ತೆ ಕಥೆ ಹೇಳಿದರೇನು ಎಂದು. ಇಲ್ಲ ಎಂದೆ. “ಖರೇನ? ಸಿಟ್ಟಿನ್ಯಾಗ ಅಂದಿದ್ನೆಲೇ ನಾ” ಎಂದು ತೊಲೆ ನೋಡುತ್ತ ಮಲಗಿದ್ದ.

ಅಪ್ಪ ಹೋದ ಮೇಲೆ ನಾವು ಅಥಣಿ ರಸ್ತೆಗೆ ಬಂದೆವು. ನಿವೃತ್ತರಾಗಿ ಮಗನ ಮನೆಯಲ್ಲಿದ್ದ ಅಕ್ಕೋರು ಅಲ್ಲೇ ಇದ್ದಾರೆಂದು ತಿಳಿದು, ಸಂಕ್ರಾಂತಿಗೆ ಕುಸುರೆಳ್ಳು ಕೊಡಲು ಹೋದೆ. ನನ್ನನ್ನು ಗುರುತಿಸಿದರು. ಮಾತು ಸಾಗುತ್ತಿದ್ದಾಗ, ತಡೆಯಲಾಗದೆ, “ಅಕ್ಕೋರ, ಆ ಹಾಡುಗಾರ ತಿರುಗಿ ನೋಡಿದನೋ ಇಲ್ಲೋ?” ಎಂದೆ. ಉತ್ತರ ನನಗೆ ಗೊತ್ತಿತ್ತು. ಎಂದೋ ಓದಿದ್ದೆ. ಅವರ ಬಾಯಿಂದ ಕೇಳಬೇಕಿತ್ತು.

ಅವರು ನಕ್ಕರು. “ನಿಮ್ಮಪ್ಪಗ ಮಾತು ಕೊಟ್ಟೇನಲ್ಲವಾ.”

“ಅಪ್ಪ ತೀರಿಕೊಂಡ್ರಿ. ಅಂವಾ ಸಿಟ್ಟಿನ್ಯಾಗ ಕೇಳಿದ್ದಂತ್ರಿ, ತಾನ ಹೇಳ್ಯಾನ.”

“ಅವರು ಸಿಟ್ಟಿನ್ಯಾಗ ಕೇಳಿದ್ರು. ನಾ ಸಿಟ್ಟಿನ್ಯಾಗ ಕೊಟ್ಟಿದ್ದಿಲ್ಲವಾ. ನೀ ಕಲತಿ, ನೌಕರಿ ಮಾಡಾಕತ್ತಿ. ಮುಗೀತು.”

ಅಲ್ಲಿಗೆ ಆ ಮಾತು ಬಿಟ್ಟೆವು. ಆಮೇಲೆ ಹೋದಾಗಲೆಲ್ಲ ಸೊಂಟನೋವು, ಸೊಸೆಯ ಅಡುಗೆ, ನನ್ನ ಶಾಲೆಯ ಸುದ್ದಿ. ಅವರು ಮೊದಲಿನಿಂದಲೂ ಹೀಗೇ, ಕಥೆಯಿಲ್ಲದೆ, ಇದ್ದರೇನೋ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು...

ಸಕ್ಕರೆ ಕೈಗೆ ಅಂಟಿದ ಮರುದಿನ ಭಾನುವಾರ. ಅವರ ಮನೆಗೆ ಹೋದೆ. ಯಾಕೆ ಹೋದೆನೆಂದು ನನಗೇ ಸ್ಪಷ್ಟವಿರಲಿಲ್ಲ. ಅಕ್ಕೋರ ಮಂಚ ಎತ್ತಿ ಅಲ್ಲಿ ಮೊಮ್ಮಗಳ ಮೇಜು ಹಾಕಿದ್ದರು. ಸೊಸೆ ಚಹಾಕ್ಕೆ ಒಳಗೆ ಹೋದಳು. ಐದನೆಯ ಇಯತ್ತೆಯ ಹುಡುಗಿ ಹೋಮ್‌ವರ್ಕ್ ಮುಂದಿಟ್ಟುಕೊಂಡು ಪೆನ್ನು ಕಚ್ಚುತ್ತ ಕೂತಿತ್ತು. ಮನೆಯ ಹಿರಿಯರು ಹೇಳಿದ ಒಂದು ಕಥೆ ಬರೆದು ತರಬೇಕಂತೆ.

“ಎಲ್ಲಾರ ಅಜ್ಜ್ಯಾರೂ ಕಥಿ ಹೇಳ್ತಾರ್ರಿ” ಎಂದಿತು. “ನಮ್ಮ ಅಜ್ಜಿಗೆ ಒಂದೂ ಕಥಿ ಬರ್ತಿದ್ದಿಲ್ರಿ. ಕೇಳಿದರ ಶಬ್ದದ ಬೇರು ಹೇಳಾಕಿ.”

ಯಾವ ಹುಡುಗಿಯ ಮುಂದೂ ಎಂದು ಅಪ್ಪ ಅಂದಿದ್ದ. ಮೊಮ್ಮಗಳೂ ಹುಡುಗಿಯೇ ಎಂಬುದು ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ. ನನ್ನ ಸಾಲಿಗಾಗಿ ಅಕ್ಕೋರು ಇವಳ ಪಾಲಿನದನ್ನೂ ಕೊಟ್ಟುಬಿಟ್ಟಿದ್ದರು.

“ನಿಮಗ ಬರ್ತಾವೇನ್ರಿ ಮಿಸ್?”

ಎಲ್ಲ ಇದ್ದವು. ದ್ಯಾಮವ್ವ, ಪಾರ್ಸವ್ವ, ಆಡಿನ ಕಾಲಿನ ದೇವರು, ಬರೀ ದನಿಯಾಗಿ ಉಳಿದ ಹುಡುಗಿ, ಒಂದೂ ಮರೆತಿರಲಿಲ್ಲ. ನಾನು ಬಾಯಿ ತೆರೆದೆ. ಅಕ್ಕೋರು ಇದ್ದಿದ್ದರೆ ಹೇಗೆ ಶುರು ಮಾಡುತ್ತಿದ್ದರು ಎಂದು ಯೋಚಿಸಿದೆ. ಅವರ ದನಿ ಹೇಗಿತ್ತು ಎಂಬುದು ನೆನಪಾಗಲಿಲ್ಲ. ಸಣ್ಣದಿತ್ತು ಎಂದು ಗೊತ್ತು, ಕಿವಿಗೆ ಕೇಳಿಸಲಿಲ್ಲ.

“ಇಲ್ಲವಾ, ನನಗೂ ಬರೂದಿಲ್ಲ” ಎಂದೆ.

ಹುಡುಗಿ ಹೌದಾ ಎಂದು ತಲೆಯಾಡಿಸಿ, ಮೊಬೈಲಿನಲ್ಲಿ ಹುಡುಕುತ್ತೇನೆ ಎಂದಿತು. ಆಗ ನನಗೆ ಅಳು ಬಂತು.