ಸಕ್ಕರೆ ಬೇಡವೆಂದ ಜೀವಶಾಸ್ತ್ರದ ಮೇಷ್ಟ್ರು

ಜೀವಶಾಸ್ತ್ರದ ಮೇಷ್ಟ್ರು ಇಪ್ಪತ್ತೆರಡು ವರ್ಷ ಒಂದೇ ನೋಟ್ಸ್ ಬರೆಸಿಕೊಂಡು ಬಂದವರು. ಜೀವಕೋಶ ಶಕ್ತಿ ಖರ್ಚು ಮಾಡಿ ಪೊರೆಯಾಚೆ ವಸ್ತುಗಳನ್ನು ಸಾಗಿಸುವ ಪಾಠವಂತೂ ಅವರಿಗೆ ಕಂಠಪಾಠ. ಅಲ್ಪವಿರಾಮ ಎಲ್ಲೆಲ್ಲಿ ಎಂಬುದನ್ನೂ ಬಿಡದೆ ಹೇಳುತ್ತಿದ್ದರು. ಯಾರಾದರೂ "ಯಾಕೆ ಸರ್?" ಎಂದರೆ, "ಪರೀಕ್ಷೆಗೆ ಬರಲ್ಲ, ಕೂತ್ಕೋ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯಲ್ಲಿ ಗಡದ್ದಾಗಿ ಉಂಡು ಬಂದವರಿಗೆ ಹೊಟ್ಟೆ ಕೆಟ್ಟಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಮಂಚಕ್ಕೂ ಬಚ್ಚಲಿಗೂ ಅಲೆದು ಕಣ್ಣುಗಳು ಗುಳಿಬಿದ್ದಿದ್ದವು. ಹೆಂಡತಿ ಔಷಧಿ ಅಂಗಡಿಯಿಂದ ಓಆರ್‌ಎಸ್ ಪ್ಯಾಕೆಟ್ ತಂದು ನೀರಿನಲ್ಲಿ ಕಲಸಿ ಕೊಟ್ಟಳು. ಮೇಷ್ಟ್ರು ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು.

"ಇದರಲ್ಲಿ ಸಕ್ಕರೆ ಇದೆಯಲ್ಲೇ! ಸಕ್ಕರೆ ವಿಷ. ದೇಹದಿಂದ ಹೋಗಿರೋದು ಉಪ್ಪು, ನೀರು. ಅಷ್ಟು ತುಂಬಿದ್ರೆ ಸಾಕು."

"ಪ್ಯಾಕೆಟ್ ಮೇಲೆ ಹಾಗೇ ಕುಡೀಬೇಕು ಅಂತ ಬರೆದಿದೆ ರೀ."

"ಪ್ಯಾಕೆಟ್ ಬರೆದವನು ಎಮ್ಮೆಸ್ಸಿ ಮಾಡಿದಾನಾ?"

ಅದನ್ನು ಸಿಂಕಿಗೆ ಸುರಿದು, ಬರೀ ಉಪ್ಪುನೀರು ಕಲಸಿಕೊಂಡು ಗಂಭೀರವಾಗಿ ಕುಡಿದರು. ಕುಡಿದದ್ದೆಲ್ಲ ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹೊರಟುಹೋಯಿತು. ಸಂಜೆ ಕಾಲು ಸೆಟೆದುಕೊಂಡು ನಿಲ್ಲಲೂ ಆಗದಿದ್ದಾಗ ಹೆಂಡತಿ ಬೀದಿ ತುದಿಯ ಕ್ಲಿನಿಕ್ಕಿಗೆ ಎಳೆದೊಯ್ದಳು.

ಮೈಯಲ್ಲಿ ನೀರೆಷ್ಟು ಉಳಿದಿದೆಯೆಂದು ನರ್ಸ್ ಅವರ ಕೈ ಹಿಂಬದಿಯ ಚರ್ಮ ಚಿವುಟಿ ನೋಡಿದಳು. ವಿಷಯವೆಲ್ಲ ಕೇಳಿ ತುಟಿ ಕಚ್ಚಿ ನಗು ತಡೆದಳು.

"ಸರ್, ಬರೀ ಉಪ್ಪು ಕೊಟ್ರೆ ಕರುಳು ಅಷ್ಟಾಗಿ ಎಳ್ಕೊಳಲ್ಲ. ಸಕ್ಕರೆ ಜೊತೆ ಕೈ ಹಿಡ್ಕೊಂಡು ಬಂದ್ರೆ ಕೋಶದೊಳಗೆ ಸಲೀಸಾಗಿ ಹೋಗುತ್ತೆ. ಕೋಶದ ಆಚೆ ಬದೀಲಿ ಒಂದು ಪಂಪು ಶಕ್ತಿ ಸುಟ್ಟು ಉಪ್ಪಲ್ಲಿರೋ ಸೋಡಿಯಂನ ರಕ್ತದ ಕಡೆಗೆ ಎತ್ತಿ ಹಾಕ್ತಾನೇ ಇರುತ್ತೆ. ಅದಕ್ಕೇ ಒಳಗೆ ಜಾಗ ಖಾಲಿ ಆಗ್ತಿರುತ್ತೆ. ಉಪ್ಪು ಸಕ್ಕರೆ ಹಿಂದೆ ನೀರೂ ಹೋಗುತ್ತೆ."

ಮೇಷ್ಟ್ರಿಗೆ ಎಲ್ಲೋ ಕೇಳಿದಂತಾಯಿತು. "ಇದನ್ನ ನಿನಗೆ ಯಾರಮ್ಮ ಹೇಳಿಕೊಟ್ಟಿದ್ದು?"

"ನಿಮ್ಮ ಪಾಠವೇ ಸರ್. ನನ್ನ ಮಾತಲ್ಲಿ ಬರೆದೆ ಅಂತ ಐದಕ್ಕೆ ಒಂದು ಮಾರ್ಕು ಕೊಟ್ಟಿದ್ರಿ. ಈಗ ಬಾಯಿ ತೆಗೀರಿ."

ಮೇಷ್ಟ್ರು ತೆರೆದರು. ಸಕ್ಕರೆ ಬೆರೆತ ಅದೇ ಪ್ಯಾಕೆಟ್ ನೀರು ಚಮಚೆ ಚಮಚೆಯಾಗಿ ಒಳಗಿಳಿಯಿತು. ಹೆಂಡತಿ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಭುಜ ಮಾತ್ರ ಕುಲುಕುತ್ತಿತ್ತು.

ಗುರುವಾರ ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ಚೇತರಿಸಿಕೊಂಡು ಕೂತಿದ್ದರು. "ಆ ನರ್ಸು ನನ್ನ ಶಿಷ್ಯೆ. ಬುನಾದಿ ಹಾಕಿದವನು ನಾನು!" ಎಂದು, ಅವಳಾಡಿದ ಮಾತನ್ನೇ ಕೈಕೈ ಹಿಡಿದು ತೋರಿಸುತ್ತ ವಿವರಿಸಿದರು.

ರಸಾಯನಶಾಸ್ತ್ರದ ಮೇಡಂ ಬೆರಗಾದರು. "ಎಷ್ಟು ಚೆನ್ನಾಗಿ ಹೇಳಿದ್ರಿ! ಮಕ್ಕಳಿಗೂ ಹೀಗೇ ಹೇಳಬಾರದಾ?"

"ಹೇಳ್ತಾ ಕೂತ್ರೆ," ಎಂದು ಮೇಷ್ಟ್ರು ಸೀಮೆಸುಣ್ಣ ಕೈಗೆತ್ತಿಕೊಂಡರು, "ಪೋರ್ಷನ್ ಮುಗಿಸೋದು ಯಾರು?"