ಸೂಟಿ ಎಂಬ ಒಂದು ಮಾತು

ಇದನ್ನು ಬರೆಯುವುದನ್ನು ಬಹಳ ವರ್ಷ ಮುಂದೂಡಿದ್ದೇನೆ. ಹೆಂಡತಿ ಇರುವವರೆಗೆ ಆಕೆ ಓದಿಯಾಳೆಂಬ ನಾಚಿಕೆಯಿತ್ತು. ಆಕೆ ಹೋದ ಮೇಲೆ, ಇನ್ನು ಹೇಳಿ ಯಾರಿಗೇನು ಉಪಯೋಗ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಈಗ ಕಣ್ಣು ಮಂಜಾಗುತ್ತಿದೆ. ಅಕ್ಷರ ಕಾಣುತ್ತಿರುವಾಗಲೇ ಮುಗಿಸಬೇಕು.

ಆಗ ನನಗೆ ಇಪ್ಪತ್ಮೂರು ವರ್ಷ. ಧಾರವಾಡದ ಕಡೆಯಿಂದ ಪುಣೆಗೆ ಬಂದು, ಬೆಳಿಗ್ಗೆ ಒಬ್ಬ ವಕೀಲರ ಕಚೇರಿಯಲ್ಲಿ ಕಾಗದಪತ್ರ ನಕಲು ಮಾಡುತ್ತಿದ್ದೆ. ಉಳಿದ ಹೊತ್ತು ಪೇಟೆಯ ಒಂದು ಖಾನಾವಳಿಯಲ್ಲಿ ಲೆಕ್ಕ ಬರೆಯುವ ಕಾರಕೂನಿಕೆ. ನಮ್ಮ ಕಡೆಯ ಕಾಲೇಜು ಹುಡುಗರು ಅಲ್ಲಿ ಊಟ ಮಾಡುತ್ತಿದ್ದರು. ಮ್ಯಾಟ್ರಿಕ್ ಪಾಸಾದವನು, ಕಾಯದೆಯ ನಾಲ್ಕು ಶಬ್ದ ಬಲ್ಲವನು ಎಂಬ ಜಂಬ ನನಗೆ ಸಾಕಷ್ಟಿತ್ತು.

ಖಾನಾವಳಿಗೆ ಜೋಳ, ಗೋದಿ ಬೀಸಿಕೊಡುತ್ತಿದ್ದವಳು ವಿಜಾಪುರದ ಕಡೆಯ ಒಬ್ಬ ವಿಧವೆ. ಎಲ್ಲರಿಗೂ ಆಕೆ ಮಾವಶಿ, ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಯಾರ ಮನೆಯ ಆಳೂ ಅಲ್ಲ. ಎರಡು ಓಣಿ ಆಚೆ ಬಾಡಿಗೆಯ ಪಡಸಾಲೆಯಲ್ಲಿ ಸ್ವಂತ ಬೀಸುಕಲ್ಲು ಹಾಕಿಕೊಂಡು, ಕರೆದವರಿಗೆ ಬೀಸಿಕೊಡುವ ಸ್ವತಂತ್ರ ಉದ್ಯೋಗ ಅವಳದು. ಹುಡುಗರು ಹೆಚ್ಚಾದ ವರ್ಷ ಮಾಲಕರು ಅವಳನ್ನು ಕರೆದು, ಇನ್ನು ಒಂದು ವರ್ಷ ಬೇರೆಯವರ ಧಾನ್ಯ ಮುಟ್ಟದೆ ನಮಗಷ್ಟೇ ಬೀಸಬೇಕು ಎಂದರು.

“ಒಬ್ಬಾಕಿಯಿಂದ ಆಗೂದಲ್ರಿ ಇದು,” ಎಂದಳು ಮಾವಶಿ. “ನಿಮ್ಮ ಹುಡುಗ್ರು ಉಣ್ಣೂದ ನೋಡಿದ್ರ, ಒಂದಿನ ಹಿಟ್ಟು ತೀರಿತಂದ್ರ ನನ್ನ ಕಲ್ಲನ್ನೂ ನುಂಗತಾರ. ಸೊಸೀನ ಕರಕೊಂಡು ಬರಬೇಕಾಗ್ತದ.”

ಸೊಸೆಯೂ ವಿಧವೆ. ಒಂದು ದೊಡ್ಡ ವಾಡೆಯಲ್ಲಿ ಅಡಿಗೆಯ ಕೈಕೆಲಸಕ್ಕಿದ್ದಳು. ಮಲಗಲು ಅಲ್ಲೇ ಒಂದು ಕೋಣೆ, ಎರಡು ಹೊತ್ತು ಊಟ. ಅದನ್ನು ಬಿಟ್ಟು ಬರಲು ಅವಳಿಗೆ ಹೆದರಿಕೆ. ಖಾನಾವಳಿಯ ಬಾಗಿಲಲ್ಲಿ ನಿಂತು ನನ್ನನ್ನೇ ಕೇಳಿದಳು:

“ಅಣ್ಣಾರ, ವರ್ಷ ಅಂದ್ರ ಪೂರಾ ವರ್ಷ ಹೌದಲ್ರಿ? ನಡುವ ಬ್ಯಾಡ ಅಂದ್ರ ನಾ ಎಲ್ಲಿಗಿ ಹೋಗ್ಲಿ?”

“ಕರಾರು ಬರೀತೀನಿ ತಂಗಿ, ಹಂಗ ಬಿಡಾಕ ಬರೂದಿಲ್ಲ,” ಎಂದೆ.

ಬರೆದೆ. ವಕೀಲರ ಕಚೇರಿಯ ಒಂದು ಹಳೆಯ ನಮೂನೆಯನ್ನು ಮುಂದಿಟ್ಟುಕೊಂಡು ಮೂರು ಕಲಮು ಬರೆದೆ. ಒಂದು, ಮುದತು ಜೂನಿನಿಂದ ಜೂನಿಗೆ. ಎರಡು, ಖಾನಾವಳಿಯವರು ನಡುವೆ ನಿಲ್ಲಿಸುವುದಾದರೆ ಒಂದು ತಿಂಗಳು ಮೊದಲು ಹೇಳಬೇಕು. ಹೇಳದಿದ್ದರೆ ವರ್ಷ ತುಂಬುವವರೆಗೆ ಕೆಲಸದ ಹಕ್ಕು ಮಾವಶಿಯದು. ಮೂರು, ಕೆಲಸ ನಿಂತ ಮೇಲೆ ಹದಿನೈದು ದಿನದೊಳಗೆ ತಕರಾರು ಮಾಡದಿದ್ದರೆ ಎರಡೂ ಕಡೆಯ ಒಪ್ಪಿಗೆಯಿಂದ ಕರಾರು ಮುಗಿದಂತೆ. ಮೊದಲಿನೆರಡನ್ನು ಅತ್ತೆ ಸೊಸೆಯರಿಗೆ ಓದಿ ಹೇಳಿದೆ. ಮೂರನೆಯದನ್ನು ಓದಲಿಲ್ಲ. ಆಗ ಮನಸ್ಸಿನಲ್ಲಿ ಮೋಸವಿರಲಿಲ್ಲ. ಊಟದ ಹೊತ್ತಾಗಿತ್ತು, ಅಷ್ಟೆ. ಮಾವಶಿ ಹೆಬ್ಬೆಟ್ಟು ಒತ್ತಿ, ಬೆರಳಿನ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡಳು.

ಸೊಸೆ ವಾಡೆ ಬಿಟ್ಟು ಬಂದಳು. ದೊಡ್ಡದೊಂದು ಬೀಸುಕಲ್ಲೂ ಬಂತು. ಅತ್ತೆ ಈ ಬದಿ, ಸೊಸೆ ಆ ಬದಿ, ನಡುವಿನ ಒಂದೇ ಗೂಟಕ್ಕೆ ಇಬ್ಬರ ಕೈ. ಬೆಳಿಗ್ಗೆ ಆ ಓಣಿಯಲ್ಲಿ ಹಾಯುವಾಗ ಅವರಿಬ್ಬರ ಹಾಡು ಕೇಳುತ್ತಿತ್ತು. ಸೊಸೆ ಹಾಡಿನ ನಡುವೆ ತಪ್ಪಿದರೆ ಮಾವಶಿ ಕಲ್ಲು ನಿಲ್ಲಿಸದೆಯೇ ಬೈಯುವುದೂ ಕೇಳುತ್ತಿತ್ತು.

ಐದು ತಿಂಗಳು ಹೀಗೆ ಸಾಗಿತು. ಅಷ್ಟರಲ್ಲಿ ನಮ್ಮ ಪೇಟೆಗೆ ಹಿಟ್ಟಿನ ಗಿರಣಿ ಬಂತು. ಎರಡು ದಿನದ ಬೀಸುವ ಕೆಲಸ ಅಲ್ಲಿ ಒಂದು ತಾಸಿನಲ್ಲಿ ಆಗುತ್ತಿತ್ತು. ದೀಪಾವಳಿಗೆ ಹುಡುಗರು ಊರಿಗೆ ಹೊರಡುವ ಹಿಂದಿನ ದಿನ ಮಾಲಕರು ನನ್ನನ್ನು ಕರೆದರು.

“ಮಾವಶೀದು ಮುಗಿಸಿಬಿಡಪಾ.”

“ಒಂದು ತಿಂಗಳು ಮೊದಲ ಹೇಳಬೇಕ್ರಿ. ಕರಾರಿನ್ಯಾಗ ಅದ.”

“ಕರಾರು ಬರದವ ಯಾರು? ನೀನ. ಹಾದಿ ಹುಡುಕಾವನೂ ನೀನ. ಮ್ಯಾಟ್ರಿಕ್ ಪಾಸಾಗಿ ಬರೇ ನನ್ನ ಅನ್ನಾ ತಿನ್ನಾಕ ಬಂದೀಯೇನು?”

ಊಟದ ಪಂಕ್ತಿಯಲ್ಲಿದ್ದ ಹುಡುಗರು ನಕ್ಕರು. ಆ ನಗೆ ನನಗೆ ಚುಚ್ಚಿತು. ಹಾದಿ ಹುಡುಕಿದೆ. ಮೂರನೆಯ ಕಲಮು ನೆನಪಾಯಿತು: ಹದಿನೈದು ದಿನ ಅವರು ತಕರಾರು ಮಾಡದಿದ್ದರೆ ಸಾಕು.

ನಮ್ಮ ಮಾತಿನಲ್ಲಿ ಸೂಟಿ ಎಂದರೆ ಹಬ್ಬದ ರಜೆ. ಆದರೆ ಪುಣೆಯಲ್ಲಿ ಮರಾಠಿ ಬೆರೆಸಿ ಆಡುವ ನಾವು, ಯಾರನ್ನಾದರೂ ಕೆಲಸದಿಂದ ತೆಗೆದುಹಾಕಿದರೂ ಸೂಟಿ ಕೊಟ್ಟರು ಎನ್ನುತ್ತಿದ್ದೆವು. ನಾನು ಪಡಸಾಲೆಗೆ ಹೋದಾಗ ಮಾವಶಿ ನೀರಿಗೆ ಹೋಗಿದ್ದಳು. ಸೊಸೆಯೊಬ್ಬಳೇ ಕಲ್ಲಿನ ಸುತ್ತಲಿನ ಹಿಟ್ಟನ್ನು ಅರಿವೆಯಿಂದ ಕೂಡಿಸುತ್ತಿದ್ದಳು.

“ನಾಳಿಯಿಂದ ಸೂಟಿ,” ಎಂದೆ.

ಅವಳು ತಲೆಯೆತ್ತಿದಳು. “ಯಾವ ಸೂಟಿ ಅಣ್ಣಾರ?”

ಎಷ್ಟು ನೇರವಾದ ಪ್ರಶ್ನೆ! ಆಕೆಗೆ ಸಂಶಯ ಬಂದಿತ್ತು. ಖರೆ ಹೇಳಿದ್ದರೆ ಆ ದಿನವೇ ಹೋಗಿ ತಕರಾರು ಮಾಡುತ್ತಿದ್ದರು, ಹಕ್ಕು ಉಳಿಯುತ್ತಿತ್ತು.

“ದೀಪಾವಳಿ ಸೂಟಿ ತಂಗಿ. ಹುಡುಗ್ರು ಬಂದ ಮ್ಯಾಲೆ ಹೇಳಿ ಕಳಸ್ತೀನಿ,” ಎಂದೆ.

ಅವಳ ಮುಖ ಹಗುರಾಯಿತು. “ಹಂಗಂದ್ರ ಕಲ್ಲಿಗಿ ಟಾಕಿ ಹೊಡಿಸಿ ಇಡ್ತೀವ್ರಿ,” ಎಂದಳು. ಟಾಕಿ ಎಂದರೆ ಸವೆದ ಕಲ್ಲಿಗೆ ಉಳಿಯಿಂದ ಮತ್ತೆ ಹಲ್ಲು ಕೊರೆಸುವುದು. ನಾನು ಬೇಡವೆನ್ನಲಿಲ್ಲ.

ಮೂರು ವಾರವಾದ ಮೇಲೆ ಹುಡುಗರು ಬಂದರು. ನನ್ನಿಂದ ಕರೆ ಹೋಗದ್ದು ನೋಡಿ ಅತ್ತೆ ಸೊಸೆಯರು ತಾವೇ ಬಂದರು. ಬಾಗಿಲಲ್ಲೇ ಗಿರಣಿಯ ಹಿಟ್ಟಿನ ಚೀಲಗಳಿದ್ದವು. ಕರಾರು ಮುಗಿಯಿತೆಂದು ಮಾಲಕರು ಹೇಳಿದರು. ಮಾವಶಿ ಕಾಗದವನ್ನು ಸೆರಗಿಗೆ ಕಟ್ಟಿಕೊಂಡು ಕೋರ್ಟಿನ ಅಂಗಳಕ್ಕೆ ಹೋಗಿ ಒಬ್ಬ ವಕೀಲರಿಗೆ ತೋರಿಸಿದಳು. ಅವರು ಮೂರನೆಯ ಕಲಮನ್ನು ಓದಿ, ಹಬ್ಬದ ರಜೆಯೆಂದು ಕಾರಕೂನ ಹೇಳಿದ್ದು ಖರೆಯಾದರೆ ಆ ಹದಿನೈದು ದಿನ ಲೆಕ್ಕಕ್ಕೆ ಬಾರವು, ಹಕ್ಕು ಇನ್ನೂ ಇದೆ, ಅವನು ಒಪ್ಪುತ್ತಾನೋ ಕೇಳಿ ಬಾ ಎಂದರಂತೆ.

ಮರುದಿನ ಮಧ್ಯಾಹ್ನ ಇಬ್ಬರೂ ಬಂದರು. ಮಾಲಕರು ಅಡಕೆ ಕತ್ತರಿಸುತ್ತ ಕೂತಿದ್ದರು.

“ರಾಯರ, ನನ್ನ ಸೊಸೀಗಿ ಏನ ಅಂದ್ರಿ, ಅಷ್ಟ ಹೇಳ್ರಿ ಸಾಕು,” ಎಂದು ಮಾವಶಿ ನನ್ನನ್ನು ಕೇಳಿದಳು.

“ಸೂಟಿ ಅಂದೆ. ಸೂಟಿ ಕೊಟ್ಟೆ ಅಂದ್ರ ಬಿಡಿಸಿದೆ ಅಂತ.”

ಸೊಸೆ ಒಂದು ಹೆಜ್ಜೆ ಮುಂದೆ ಬಂದಳು. “ದೀಪಾವಳಿ ಸೂಟಿ ಅಂದವ್ರು ಯಾರ್ರಿ ಅಣ್ಣಾರ?”

ಅಡಕೊತ್ತಿನ ಸಪ್ಪಳ ನಿಂತಿತು. ಮಾಲಕರು ನನ್ನನ್ನೇ ನೋಡುತ್ತಿದ್ದರು.

“ನಾ ಅಂದಿಲ್ಲ. ನೀ ತಪ್ಪು ಕೇಳಿಸಿಕೊಂಡಿರಬೇಕು.”

ಅವಳು ಅಳಲಿಲ್ಲ. ನನ್ನ ಮುಖವನ್ನು ಒಂದು ಕ್ಷಣ ನೋಡಿ, ಅತ್ತೆಯ ಕಡೆ ತಿರುಗಿದಳು. ಮಾವಶಿ ಅವಳನ್ನು ನಂಬಲಿಲ್ಲ. ಓದಿದವನ ಮಾತು ಒಂದು ಕಡೆ, ಸೊಸೆಯ ಮಾತು ಒಂದು ಕಡೆ. “ನಿನ್ನ ಕಿವಿಗಿ ಏನ ಬಡಕೊಂಡಿತ್ತ! ನಡೀ ಮನಿಗಿ,” ಎಂದು ರಟ್ಟೆ ಹಿಡಿದು ಕರೆದುಕೊಂಡು ಹೋದಳು. ಆ ಸಂಜೆ ಮಾಲಕರು ನನಗೆ ಸ್ವತಃ ತುಪ್ಪ ಬಡಿಸಿದರು. ನಾನು ಉಂಡೆ.

ಒಂದು ತಿಂಗಳಲ್ಲಿ ಪಡಸಾಲೆಗೆ ಬೇರೆ ಬಾಡಿಗೆಯವರು ಬಂದರು. ವಾಡೆಯಲ್ಲಿ ಸೊಸೆಯ ಜಾಗಕ್ಕೆ ಆಗಲೇ ಮತ್ತೊಬ್ಬಳಿದ್ದಳು. ಮಾವಶಿ ಸೊಸೆಯನ್ನು ಪುಣೆಯ ಹತ್ತಿರದ ಸಾಸವಡದಲ್ಲಿದ್ದ ಅವಳ ಅಣ್ಣನ ಮನೆಗೆ ಅಟ್ಟಿದಳೆಂದು ಕೇಳಿದೆ.

ಹನ್ನೊಂದು ವರ್ಷದ ನಂತರ ಮಂಡಿಯ ಒಂದು ಅಂಗಡಿಯ ಮುಂದೆ ಶೇಂಗಾ ಆರಿಸುತ್ತಿದ್ದ ಮುದುಕಿಯನ್ನು ಗುರುತಿಸಿದೆ. ಮಾವಶಿ. ಕಾಲು ಮುಟ್ಟಿದೆ. ನಡೆದದ್ದನ್ನೆಲ್ಲ ಹೇಳಿದೆ, ದೀಪಾವಳಿ ಎಂಬ ಮಾತನ್ನೂ ಬಿಡದೆ. ಶೇಂಗಾದ ಮೇಲೆ ಅವಳ ಕೈ ನಿಂತಿತು.

“ಹಂಗಾರ ಆಕಿ ಖರೇ ಹೇಳಿದ್ಲು,” ಎಂದಳು. ಮತ್ತೆ ಶೇಂಗಾ ಆರಿಸತೊಡಗಿದಳು. “ಗಿರಣಿ ಬಂದ ಮ್ಯಾಲೆ ನನ್ನ ಕಲ್ಲು ಇವತ್ತಲ್ಲ ನಾಳಿ ನಿಲ್ಲೂದ ಇತ್ತು. ನನಗ್ಯಾಕ ಕೈ ಮುಗೀತೀರಿ ರಾಯರ? ಸಾಸವಡಕ್ಕ ಹೋಗ್ರಿ. ನನಗೂ ಹೋಗೂದ ಅದ, ಆಕಿಗಿ ತೋರಸಾಕ ಮಾರಿ ಇಲ್ಲ.”

ಅವಳು ಹೋದಳೋ ಇಲ್ಲವೋ ತಿಳಿಯಲಿಲ್ಲ. ನಾನು ಹೋಗಲಿಲ್ಲ. ಸಾಸವಡವೇನು ದೂರವಲ್ಲ. ಬೇರೆ ಕೆಲಸಕ್ಕೆಂದು ಎರಡು ಸಲ ಆ ಊರಿನ ಮೇಲೆ ಹಾದೆ. ಎರಡು ಸಲವೂ ಮೋಟಾರು ನಿಂತಿತು. ಜನ ಇಳಿದರು, ಹತ್ತಿದರು. ನಾನು ಕೂತಲ್ಲೇ ಕೂತಿದ್ದೆ. ಬಾವಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರಲ್ಲಿ ಒಬ್ಬಳು ತಿರುಗಿ ನೋಡಿದಾಗ ಮುಖ ತಗ್ಗಿಸಿದೆ. ಅವಳಲ್ಲದಿರಬಹುದು.

ಮಾವಶಿಯ ಕ್ಷಮೆ ಕೇಳಿದ್ದರಿಂದ ನನ್ನ ಭಾರ ಇಳಿಯಿತೆಂದು ಕೆಲವು ವರ್ಷ ನಂಬಿಕೊಂಡಿದ್ದೆ. ಕರಾರಿನಲ್ಲಿ ಹೆಬ್ಬೆಟ್ಟು ಒತ್ತಿದವಳು ಅವಳೇ ಅಲ್ಲವೇ? ಆದರೆ ಮಾತು ಕೊಟ್ಟದ್ದು ಅವಳಿಗಲ್ಲ. ಆ ಕಾಗದದಲ್ಲಿ ಹೆಸರೇ ಇಲ್ಲದವಳಿಗೆ ಕೊಟ್ಟೆ, ಆಡಿದ ಮಾತನ್ನು ಅವಳೆದುರಿಗೇ ಆಡಿಲ್ಲವೆಂದೆ. ನಾನು ಕ್ಷಮೆ ಕೇಳದೆ ಉಳಿದದ್ದು ಅವಳಲ್ಲಿ: ಬೀಸುಕಲ್ಲಿನ ಆ ಬದಿಗೆ ಕೂತು ನನ್ನನ್ನು ಅಣ್ಣಾ ಎನ್ನುತ್ತಿದ್ದ, ಮಾವಶಿಯ ಸೊಸೆಯಲ್ಲಿ.